ರೂಟ್ ಕೆನಾಲ್ ಆದ ಕೆಳಗಿನ ದವಡೆಹಲ್ಲು ಮತ್ತೆ ನೋಯುತ್ತಿದೆ: ನಾಳಗಳು ಮೂರೋ, ನಾಲ್ಕೋ?

ಶರಾವತಿ_ತೀರ
ಬಲಗಡೆಯ ಕೆಳಗಿನ ಮೊದಲ ದವಡೆಹಲ್ಲಿಗೆ, ಅಂದರೆ ದಂತವೈದ್ಯರು 46 ಎಂದು ಬರೆಯುವ ಹಲ್ಲಿಗೆ, ಕೆಲವು ವರ್ಷಗಳ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಈಗ ಆ ಬದಿಯಲ್ಲಿ ಚಕ್ಕುಲಿಯಂಥದ್ದನ್ನು ಅಗಿದರೆ ನೋಯುತ್ತದೆ. ನಾಲಿಗೆಯ ಕಡೆಯ ಒಸಡಿನಲ್ಲಿ ಸಣ್ಣ ಕೀವುಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದೆ. ಮೊದಲು ಚಿಕಿತ್ಸೆ ಮಾಡಿದವರು, ಈ ಹಲ್ಲಿಗೆ ಇರುವುದೇ ಮೂರು ನಾಳ (ಬೇರಿನೊಳಗೆ ತಿರುಳು ಇರುವ ಸಣ್ಣ ಕೊಳವೆ), ಮೂರನ್ನೂ ತುದಿಯವರೆಗೆ ತುಂಬಿದ್ದೇನೆ, ಎಕ್ಸ್‌ರೇ ಚೆನ್ನಾಗಿಯೇ ಇದೆ ಎನ್ನುತ್ತಾರೆ. ಎರಡನೆಯವರು ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆದು, ಹಿಂದಿನ ಬೇರಿನ ಬದಿಯಲ್ಲಿ ನಾಲಿಗೆಯ ಕಡೆಗೆ ನಾಲ್ಕನೆಯ ನಾಳ ಹಾಗೇ ಉಳಿದಂತಿದೆ, ಸಿಬಿಸಿಟಿ (ಹಲ್ಲನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್) ಮಾಡಿಸಿ ಎಂದರು. ಒಂದೇ ಹಲ್ಲಿನ ಬಗ್ಗೆ ಇಬ್ಬರು ಓದಿದವರು ಎರಡು ಲೆಕ್ಕ ಹೇಳಿದರೆ ನಾವು ಯಾರನ್ನು ನಂಬಬೇಕು? ಇದು ಮೊದಲನೆಯವರ ಅಜಾಗರೂಕತೆಯೇ? ಹಲ್ಲನ್ನು ಕೀಳಿಸುವುದೇ ಮೇಲೇ?

ದಂತಕಥೆ
ಕೀಳಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಾನು ರೂಟ್ ಕೆನಾಲ್ ಚಿಕಿತ್ಸೆಯನ್ನೇ ಮಾಡುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೆಳಗಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರುಗಳಿರುತ್ತವೆ. ಮುಂದಿನದು ಮೀಸಿಯಲ್ ಬೇರು, ಹಿಂದಿನದು ಡಿಸ್ಟಲ್ ಬೇರು. ಮೀಸಿಯಲ್ ಬೇರಿನೊಳಗೆ ಕೆನ್ನೆಯ ಕಡೆಗೊಂದು, ನಾಲಿಗೆಯ ಕಡೆಗೊಂದು ಎಂದು ಎರಡು ನಾಳಗಳು, ಡಿಸ್ಟಲ್ ಬೇರಿನೊಳಗೆ ಒಂದು ಅಗಲವಾದ ನಾಳ, ಒಟ್ಟು ಮೂರು ಎಂಬುದು ಎರಡನೆಯ ವರ್ಷದ ವಿದ್ಯಾರ್ಥಿ ಕಂಠಪಾಠ ಮಾಡುವ ಲೆಕ್ಕ. ಆದರೆ 1971ರಲ್ಲೇ ಸ್ಕಿಡ್‌ಮೋರ್ ಮತ್ತು ಬ್ಯೋರ್ನ್‌ಡಾಲ್ ಎಂಬಿಬ್ಬರು ಕಿತ್ತ ಹಲ್ಲುಗಳ ಒಳರಚನೆಯನ್ನು ಅಧ್ಯಯನ ಮಾಡಿದಾಗ ಮೂರು ನಾಳಗಳು ಸಿಕ್ಕಿದ್ದು ಶೇ. 64.4ರಷ್ಟರಲ್ಲಿ ಮಾತ್ರ. ಶೇ. 28.9ರಷ್ಟರಲ್ಲಿ ನಾಲ್ಕು ನಾಳಗಳಿದ್ದವು, ಶೇ. 6.7ರಷ್ಟರಲ್ಲಿ ಎರಡೇ ಇದ್ದವು. ಆದ್ದರಿಂದ ನಿಮ್ಮ ಇಬ್ಬರು ವೈದ್ಯರಲ್ಲಿ ಯಾರೂ ಶಾಸ್ತ್ರದ ಹೊರಗೆ ಮಾತಾಡುತ್ತಿಲ್ಲ. ನಿಮ್ಮ ಹಲ್ಲು ಯಾವ ಗುಂಪಿನದು ಎನ್ನುವುದನ್ನು ಮಾತ್ರ ಪುಸ್ತಕ ಹೇಳಲಾರದು, ಹಲ್ಲನ್ನೇ ಕೇಳಬೇಕು.

ಗುಳ್ಳೆ ಇದೆ ಎಂದಿರಲ್ಲ, ಅದು ನಿಮ್ಮ ಪಾಲಿಗೆ ಉಪಯೋಗಕ್ಕೆ ಬರುವ ಸಂಗತಿ. ಅದರ ಬಾಯಿಯೊಳಗೆ ತೆಳುವಾದ ಗಟ್ಟಾ ಪರ್ಚಾ (ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿಯೊಂದನ್ನು ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೆದರೆ, ಕೀವು ಯಾವ ಬೇರಿನ ತುದಿಯಿಂದ ಬರುತ್ತಿದೆ ಎಂಬುದನ್ನು ಆ ಕಡ್ಡಿಯೇ ತೋರಿಸುತ್ತದೆ. ಹೆಚ್ಚು ಖರ್ಚಿಲ್ಲದ ಈ ಪರೀಕ್ಷೆಯನ್ನು ಮೊದಲು ಮಾಡಿಸಿ.

ಕೊನೆಯ_ಬೆಂಚು
ಹತ್ತರಲ್ಲಿ ಸುಮಾರು ಮೂರು ಹಲ್ಲುಗಳಿಗೆ ನಾಲ್ಕನೆಯ ನಾಳ ಇರುವುದಾದರೆ, ಅದನ್ನು ಹುಡುಕದೆ ಬಿಟ್ಟವರು ಯಾವ ಶಾಸ್ತ್ರದ ಒಳಗಿದ್ದಾರೆ, ಸ್ವಾಮಿ?

ಹಲ್ಲುಕಟ್ಟು
ನಾನು ಇಂಟರ್ನ್‌ಶಿಪ್‌ನಲ್ಲಿದ್ದೇನೆ. ನಮಗೆ ಪ್ರಿಕ್ಲಿನಿಕಲ್‌ನಲ್ಲಿ ಕಿತ್ತ ಹಲ್ಲುಗಳನ್ನು ಪ್ಲಾಸ್ಟರ್ ಅಚ್ಚಿನಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಆಗ ಬಣ್ಣ ತುಂಬಿ ಹಲ್ಲನ್ನು ಪಾರದರ್ಶಕವಾಗಿಸುವ ಪ್ರಯೋಗವನ್ನೂ ನೋಡಿದ್ದೆವು. ಆಮ್ಲದಲ್ಲಿ ಸುಣ್ಣದಂಶ ಕಳೆದು, ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು, ಮೀಥೈಲ್ ಸ್ಯಾಲಿಸಿಲೇಟಿನಲ್ಲಿ ಅದ್ದಿದಾಗ ಇಡೀ ಬೇರು ಗಾಜಿನಂತಾಗಿ, ಒಳಗಿನ ನಾಳಗಳು ಮಾತ್ರ ಬಣ್ಣದ ಎಳೆಗಳಾಗಿ ಉಳಿಯುತ್ತವೆ. ಮೀಸಿಯಲ್ ಬೇರಿನ ಎರಡು ನಾಳಗಳು ಕೆಲವು ಹಲ್ಲುಗಳಲ್ಲಿ ಕೊನೆಯವರೆಗೂ ಬೇರೆಬೇರೆಯಾಗಿದ್ದರೆ, ಕೆಲವುಗಳಲ್ಲಿ ತುದಿಗೆ ಸ್ವಲ್ಪ ಮೊದಲು ಕೂಡಿಕೊಂಡಿದ್ದವು. ವರ್ಟುಚಿ 1984ರಲ್ಲಿ ಇದೇ ವಿಧಾನದಿಂದ 2,400 ಹಲ್ಲುಗಳನ್ನು ನೋಡಿ ನಾಳಗಳ ಜೋಡಣೆಯ ಎಂಟು ವಿಧಗಳನ್ನು ಗುರುತಿಸಿದ್ದನ್ನು ಪರೀಕ್ಷೆಗೆ ಬರೆಯುತ್ತೇವೆ. ಇನ್ನೊಂದು ಮಾತು, ಭಾರತೀಯರಲ್ಲಿ ಶೇ. 30ರಷ್ಟು ಜನರಿಗೆ ಇಲ್ಲಿ ಮೂರನೆಯ ಬೇರು ಇರುತ್ತದೆ.

ಟಂಕಸಾಲೆ
ಆ ಕೊನೆಯ ವಾಕ್ಯದಲ್ಲಿ ಎರಡು ಬೇರೆಬೇರೆ ಸಂಗತಿಗಳು ಕಲೆತುಹೋಗಿವೆ. ಒಂದೇ ಡಿಸ್ಟಲ್ ಬೇರಿನೊಳಗೆ ಎರಡು ನಾಳಗಳಿರುವುದು ಒಂದು ಬಗೆ, ನಾಲಿಗೆಯ ಕಡೆಗೆ ಪ್ರತ್ಯೇಕವಾದ ಮೂರನೆಯ ಬೇರೇ ಬೆಳೆದಿರುವುದು ಇನ್ನೊಂದು ಬಗೆ. ಎರಡನೆಯದನ್ನು ರೇಡಿಕ್ಸ್ ಎಂಟೋಮೊಲಾರಿಸ್ ಎನ್ನುತ್ತಾರೆ, ಕರಾಬೆಲ್ಲಿ 1844ರಲ್ಲೇ ಅದನ್ನು ವರ್ಣಿಸಿದ್ದಾನೆ. ಹೆಚ್ಚುವರಿ ಬೇರು ಕೆನ್ನೆಯ ಕಡೆಗಿದ್ದರೆ ಅದು ರೇಡಿಕ್ಸ್ ಪ್ಯಾರಾಮೊಲಾರಿಸ್, ಅದು ಬಹಳ ಅಪರೂಪ.

ಶೇ. 30ರ ಆಸುಪಾಸಿನ ಅಂಕಿ ಚೀನೀಯರು, ಆರ್ಕ್ಟಿಕ್ ಪ್ರದೇಶದ ಇನ್ಯೂಟರು, ಅಮೆರಿಕದ ಮೂಲನಿವಾಸಿಗಳು ಮುಂತಾದ ಸಮುದಾಯಗಳಿಗೆ ಸಂಬಂಧಿಸಿದ್ದು. ಯುರೋಪಿನವರಲ್ಲಿ ಅದು ಶೇ. 5ಕ್ಕಿಂತ ಕಡಿಮೆ. ಭಾರತದ ಅಧ್ಯಯನಗಳಲ್ಲಿ ಸುಮಾರು 5ರಿಂದ 13ರವರೆಗೆ ಬೇರೆಬೇರೆ ಶೇಕಡಾವಾರು ಬಂದಿದೆ. ಕಿತ್ತ ಹಲ್ಲನ್ನು ನೋಡಿದರೋ, ಎಕ್ಸ್‌ರೇ ನೋಡಿದರೋ, ಸ್ಕ್ಯಾನ್ ನೋಡಿದರೋ ಎನ್ನುವುದರ ಮೇಲೂ ಅಂಕಿ ಏರಿಳಿಯುತ್ತದೆ.

ಹಲ್ಲುಕಟ್ಟು
13 ಎಂದರೂ ಎಂಟು ಜನರಲ್ಲಿ ಒಬ್ಬರಿಗೆ ಇದೆ ಎಂದಾಯಿತು. ದಿನವೂ ರೋಗಿಗಳನ್ನು ನೋಡುವವರಿಗೆ ಅದು ಸಣ್ಣ ಸಂಖ್ಯೆಯೇನಲ್ಲ.

ಟಂಕಸಾಲೆ
ಸಣ್ಣದು ಎಂದು ನಾನೆಲ್ಲಿ ಹೇಳಿದೆ? ಮೂವತ್ತಲ್ಲ ಎಂದಷ್ಟೇ ಹೇಳಿದೆ.

ತಾಲ್ಲೂಕು_ದಂತವೈದ್ಯ
ಮೈಕ್ರೋಸ್ಕೋಪು ಇಲ್ಲದ ಊರಿನಲ್ಲಿ ಬಹುಕಾಲದಿಂದ ಇದೇ ಕೆಲಸ ಮಾಡುತ್ತ ಬಂದವನಾಗಿ ನನಗೊಂದು ತಕರಾರಿದೆ. ಈ ವೇದಿಕೆಯಲ್ಲಿ ಯಾವ ಹಲ್ಲಿನ ಮಾತು ಬಂದರೂ ಎರಡನೆಯ ಉತ್ತರದಷ್ಟರಲ್ಲಿ ಯಾರಾದರೂ ಸಿಬಿಸಿಟಿ ಎಂದುಬಿಡುತ್ತಾರೆ. ನಾಳವನ್ನು ಹುಡುಕುವ ಮೊದಲ ಜಾಗ ಹಲ್ಲಿನ ಒಳಗಿನ ಪಲ್ಪ್ ಚೇಂಬರಿನ, ಅಂದರೆ ತಿರುಳಿನ ಕೋಣೆಯ, ನೆಲವೇ ಹೊರತು ಕಂಪ್ಯೂಟರಿನ ಪರದೆಯಲ್ಲ.

ಆ ನೆಲವನ್ನು ಓದುವುದಕ್ಕೆ ನಿಯಮಗಳಿವೆ. ಕ್ರಾಸ್ನರ್ ಮತ್ತು ರ್‍ಯಾಂಕೋ 2004ರಲ್ಲಿ 500 ಹಲ್ಲುಗಳನ್ನು ನೋಡಿ ಅವನ್ನು ಬರೆದಿಟ್ಟಿದ್ದಾರೆ. ನೆಲದ ಬಣ್ಣ ಯಾವಾಗಲೂ ಗೋಡೆಗಳಿಗಿಂತ ಗಾಢವಾಗಿರುತ್ತದೆ, ನಾಳಗಳ ಬಾಯಿಗಳು ನೆಲ ಮತ್ತು ಗೋಡೆ ಸೇರುವ ಅಂಚಿನಲ್ಲೇ ಇರುತ್ತವೆ. ಕೆಳಗಿನ ದವಡೆಹಲ್ಲಿನಲ್ಲಿ ನೆಲದ ಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಗೆರೆ ಎಳೆದಂತೆ ಭಾವಿಸಿದರೆ, ನಾಳಗಳ ಬಾಯಿಗಳು ಆ ಗೆರೆಯ ಎರಡೂ ಬದಿಗೆ ಸಮದೂರದಲ್ಲಿರಬೇಕು. ಡಿಸ್ಟಲ್ ನಾಳದ ಬಾಯಿ ನಟ್ಟನಡುವೆ ಇದ್ದರೆ ಅದು ಬಹುಮಟ್ಟಿಗೆ ಒಂದೇ ನಾಳ. ಅದು ಕೆನ್ನೆಯ ಕಡೆಗೆ ಸರಿದು ಕೂತಿದ್ದರೆ ನಾಲಿಗೆಯ ಕಡೆಗೆ ಅದರ ಜೋಡಿ ಇದೆ ಎಂದೇ ತಿಳಿದು ಹುಡುಕಬೇಕು. ಹಲ್ಲು ಕೊರೆಯುವಾಗ ತ್ರಿಕೋನಾಕಾರದ ಕಿಂಡಿ ಮಾಡಿ ಅಷ್ಟಕ್ಕೇ ನಿಂತವರಿಗೆ ಆ ಮೂಲೆ ಕಾಣುವುದೇ ಇಲ್ಲ, ಹಿಂದಿನ ಬದಿಯನ್ನು ಅಗಲಿಸಿ ಕಿಂಡಿಯನ್ನು ನಾಲ್ಕು ಮೂಲೆಯದಾಗಿಸಿದರೆ ಕಾಣುತ್ತದೆ. ಚೇಂಬರಿನೊಳಗೆ ಸೋಡಿಯಂ ಹೈಪೋಕ್ಲೋರೈಟ್ ಎಂಬ ತೊಳೆಯುವ ದ್ರಾವಣ ತುಂಬಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರೆ, ಒಳಗೆ ತಿರುಳು ಉಳಿದಿರುವ ಜಾಗದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಇದಕ್ಕೆಲ್ಲ ಬೇಕಾದುದು ಒಳ್ಳೆಯ ಬೆಳಕು, ನಾಳದ ಬಾಯಿ ತಡಕುವ ಚೂಪಾದ ಡಿಜಿ-16 ಎಕ್ಸ್‌ಪ್ಲೋರರ್ ಎಂಬ ಕಡ್ಡಿ ಮತ್ತು ತಾಳ್ಮೆ.

ದಂತಕಥೆ
ಡಾಕ್ಟರೇ, ನೆಲ ಓದುವ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ನೀವು ಹೇಳುತ್ತಿರುವುದು ಮೊದಲ ಸಲ ತೆರೆಯುವ ಹಲ್ಲಿನ ಮಾತು. ಪ್ರಶ್ನೆ ಕೇಳಿದವರ ಹಲ್ಲಿನ ಮೇಲೆ ಕ್ಯಾಪ್ ಇದೆ, ಅದರ ಕೆಳಗೆ ಫಿಲ್ಲಿಂಗ್ ಇದೆ, ಅದರ ಕೆಳಗೆ ಗಟ್ಟಾ ಪರ್ಚಾ ಇದೆ. ಏನಿದೆ ಎಂದು ನೋಡುವುದಕ್ಕೆ ಇಷ್ಟನ್ನೂ ಒಡೆಯುವ ಮುನ್ನ ಸಣ್ಣ ಕ್ಷೇತ್ರದ ಸಿಬಿಸಿಟಿಯನ್ನು ಒಮ್ಮೆ ಮಾಡಿಸುವುದು ದುಂದುಗಾರಿಕೆಯಲ್ಲ. ಹೊಸದಾಗಿ ಚಿಕಿತ್ಸೆಗೆ ಬರುವ ಪ್ರತಿಯೊಂದು ಹಲ್ಲಿಗೂ ಮಾಡಿಸಿ ಎನ್ನುವವರ ಪಕ್ಷದಲ್ಲಿ ನಾನೂ ಇಲ್ಲ, ವಿಕಿರಣವನ್ನು ಅಗತ್ಯವಿದ್ದಷ್ಟೇ ಬಳಸಬೇಕು ಎನ್ನುವುದು ಎಲ್ಲರೂ ಒಪ್ಪಿದ ನಿಯಮ.

ತಾಲ್ಲೂಕು_ದಂತವೈದ್ಯ
ಓರೆ ಎಕ್ಸ್‌ರೇ ಎಂಬುದೊಂದು ಇದೆಯಲ್ಲ? ಎಕ್ಸ್‌ರೇ ಕೊಳವೆಯನ್ನು ಸುಮಾರು 20ರಿಂದ 30 ಡಿಗ್ರಿಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿ ತೆಗೆದರೆ, ನಾಲಿಗೆಯ ಕಡೆಯ ವಸ್ತು ಕೊಳವೆ ಹೋದ ದಿಕ್ಕಿಗೇ ಸರಿಯುತ್ತದೆ, ಕೆನ್ನೆಯ ಕಡೆಯದು ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಕ್ಲಾರ್ಕ್ ಇದನ್ನು ಹೇಳಿ ನೂರು ವರ್ಷದ ಮೇಲಾಯಿತು. ಎರಡನೆಯ ವೈದ್ಯರು ಮಾಡಿದ್ದೂ ಇದನ್ನೇ, ಅವರಿಗೆ ಕಂಡಿತು. ಕಂಡಮೇಲೂ ಸ್ಕ್ಯಾನ್ ಏಕೆ? ಅದೂ ಅಲ್ಲದೆ ಲೋಹದ ಕ್ಯಾಪು, ಗಟ್ಟಾ ಪರ್ಚಾ ಇರುವ ಹಲ್ಲಿನ ಸ್ಕ್ಯಾನಿನಲ್ಲಿ ಅಡ್ಡಗೆರೆಗಳು ಎದ್ದು, ಇಲ್ಲದ ನಾಳ ಇದ್ದಂತೆಯೂ ಇಲ್ಲದ ಬಿರುಕು ಬಿಟ್ಟಂತೆಯೂ ತೋರುವುದುಂಟು.

ದಂತಕಥೆ
ಆ ಗೆರೆಗಳ ತೊಂದರೆ ನಿಜ. ಆದರೆ ನಾಲಿಗೆಯ ಕಡೆಯ ಬೇರು ಎಷ್ಟೋ ಸಲ ಕೆನ್ನೆಯ ಕಡೆಗೆ ಕೊಕ್ಕೆಯಾಗಿ ಬಾಗಿರುತ್ತದೆ. ಆ ಬಾಗು ಎಕ್ಸ್‌ರೇ ಕಿರಣದ ನೇರಕ್ಕೇ ಇರುವುದರಿಂದ ಚಪ್ಪಟೆ ಚಿತ್ರದಲ್ಲಿ ಬೇರು ನೆಟ್ಟಗಿರುವಂತೆ ಕಾಣುತ್ತದೆ. ನಾಳ ಇದೆ ಎಂದು ತಿಳಿಯುವುದಕ್ಕೆ ಓರೆ ಎಕ್ಸ್‌ರೇ ಸಾಕಾದರೂ, ಅದು ಎಷ್ಟು ಬಾಗಿದೆ ಎಂದು ತಿಳಿಯದೆ ಒಳಗೆ ಫೈಲ್ (ನಾಳವನ್ನು ಉಜ್ಜಿ ಶುಚಿಮಾಡುವ ಸೂಜಿಯಂಥ ಉಪಕರಣ) ಇಳಿಸಿದವರು ಅದನ್ನು ಅಲ್ಲೇ ಮುರಿದುಕೊಂಡು ಬಂದ ಪ್ರಕರಣಗಳನ್ನು ನಾನು ನೋಡುತ್ತಲೇ ಇರುತ್ತೇನೆ.

ತೋಟದ_ಮನೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರಿಸಬೇಡಿ. ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ, ಜೀವಮಾನವಿಡೀ ಎಲೆಯಡಿಕೆ ಹಾಕಿದವರು, ಹಲ್ಲುಗಳು ಸವೆದು ಚಪ್ಪಟೆಯಾಗಿವೆ. ಅವರ ದವಡೆಹಲ್ಲು ತೆರೆದ ವೈದ್ಯರು ನಾಳಗಳೇ ಸಿಗುತ್ತಿಲ್ಲ ಎಂದು ಕೈಚೆಲ್ಲಿದರು. ಇರುವ ನಾಳ ಎಲ್ಲಿಗೆ ಹೋಗುತ್ತದೆ?

ಟಂಕಸಾಲೆ
ಎಲ್ಲಿಗೂ ಹೋಗುವುದಿಲ್ಲ, ಒಳಗಿನಿಂದ ತುಂಬಿಕೊಳ್ಳುತ್ತ ಬರುತ್ತದೆ. ಹಲ್ಲು ಬದುಕಿರುವಷ್ಟು ಕಾಲವೂ ತಿರುಳು ತನ್ನ ಸುತ್ತ ಡೆಂಟಿನ್ ಎಂಬ ಗಟ್ಟಿ ಪದರವನ್ನು ಕಟ್ಟುತ್ತಲೇ ಇರುತ್ತದೆ. ಅಡಿಕೆಯಿಂದ ಮೇಲ್ಭಾಗ ಸವೆದಂತೆ ಒಳಗಿನ ಈ ಕೆಲಸ ಇನ್ನೂ ಜೋರಾಗುತ್ತದೆ. ಹೀಗಾಗಿ ನಾಳದ ರಚನೆ ಎನ್ನುವುದು ಹುಟ್ಟಿದಾಗ ಬರೆದಿಟ್ಟ ನಕ್ಷೆಯಲ್ಲ. ಎಳೆಯ ವಯಸ್ಸಿನಲ್ಲಿ ಮೀಸಿಯಲ್ ಬೇರಿನೊಳಗೆ ಒಂದೇ ಅಗಲವಾದ ಸೀಳು ಇರುತ್ತದೆ. ಡೆಂಟಿನ್ ಕಟ್ಟುತ್ತ ಹೋದಂತೆ ಆ ಸೀಳಿನ ನಡುವೆ ಗೋಡೆ ಎದ್ದು ಎರಡು ನಾಳಗಳಾಗುತ್ತವೆ, ಅವುಗಳ ನಡುವೆ ಇಸ್ತ್ಮಸ್ ಎಂಬ ತೆಳ್ಳನೆಯ ಪಟ್ಟಿ ಉಳಿಯುತ್ತದೆ. ಇನ್ನೂ ವಯಸ್ಸಾದರೆ ಆ ಪಟ್ಟಿಯೂ ಮುಚ್ಚುತ್ತದೆ.

ಕರಾವಳಿ_ಕೂಸು
ನಮ್ಮ ಕಡೆಯ ಎರಡು ಬಾವಿಗಳ ನಡುವೆ ಯಾರೋ ಅಡ್ಡಸುರಂಗ ಕೊರೆದಿಟ್ಟಂತೆ ಆಯಿತು, ಬಾವಿ ಎರಡನ್ನೂ ಶುದ್ಧಮಾಡಿದರೂ ಸುರಂಗದಲ್ಲಿ ಕೊಳೆ ನಿಂತೇ ಇರುತ್ತದೆ.

ದಂತಕಥೆ
ಹೌದು, ಫೈಲ್ ಆ ಪಟ್ಟಿಯೊಳಗೆ ಹೋಗುವುದಿಲ್ಲ. ಅಲ್ಲಿಗೆ ತಲುಪುವುದು ತೊಳೆಯುವ ದ್ರಾವಣ ಮಾತ್ರ, ಅದಕ್ಕೇ ನಾವು ಹೈಪೋಕ್ಲೋರೈಟನ್ನು ಅಲ್ಟ್ರಾಸಾನಿಕ್ ಕಂಪನದಿಂದ ಕಲಕುತ್ತೇವೆ.

ಕೆಲವೊಮ್ಮೆ ಆ ಪಟ್ಟಿಯ ನಡುವೆಯೇ ಇನ್ನೊಂದು ನಾಳ ಇರುತ್ತದೆ, ಅದು ಮಿಡ್ಲ್ ಮೀಸಿಯಲ್. ಪೊಮರಾಂಜ್ ಮತ್ತು ಸಂಗಡಿಗರು 1981ರಲ್ಲಿ 100 ದವಡೆಹಲ್ಲುಗಳನ್ನು ನೋಡಿ ಅದನ್ನು 12ರಲ್ಲಿ ಕಂಡಿದ್ದರು. ಮೈಕ್ರೋಸ್ಕೋಪಿನಡಿ ಎರಡು ಬಾಯಿಗಳ ನಡುವಿನ ತೋಡನ್ನು ಅಲ್ಟ್ರಾಸಾನಿಕ್ ಮೊನೆಯಿಂದ ಸ್ವಲ್ಪ ಕೆರೆದು ಹುಡುಕಿದ 2015ರ ಒಂದು ಅಧ್ಯಯನದಲ್ಲಿ ಶೇ. 46ಕ್ಕೂ ಹೆಚ್ಚು ಹಲ್ಲುಗಳಲ್ಲಿ ಅದು ಸಿಕ್ಕಿತು. ಹಲ್ಲುಗಳು ಅವೇ ಮನುಷ್ಯರವು, ಬದಲಾದದ್ದು ಹುಡುಕುವ ಬಗೆ.

ತಾಲ್ಲೂಕು_ದಂತವೈದ್ಯ
ಹುಡುಕುವ ಬಗೆಯ ಜೊತೆಗೆ ಬೇರಿಗೆ ತೂತು ಬೀಳುವ ಅಪಾಯವೂ ಬದಲಾಯಿತು ಎಂಬುದನ್ನೂ ಸೇರಿಸಿ, ಸರ್. ಮೀಸಿಯಲ್ ಬೇರಿನ ಹಿಂಬದಿಯ ಗೋಡೆ, ಅಂದರೆ ಬೇರುಗಳು ಕವಲೊಡೆಯುವ ಕಡೆಯದು, ಬಹಳ ತೆಳು. ಅದನ್ನು ಡೇಂಜರ್ ಝೋನ್ ಎಂದು ಸುಮ್ಮನೆ ಕರೆಯುವುದಿಲ್ಲ. ಸಿಗದ ಐದನೆಯ ನಾಳವನ್ನು ಹುಡುಕುತ್ತ ಸಿಕ್ಕಿದ್ದ ನಾಲ್ಕರ ಹಲ್ಲನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ದಂತಕಥೆ
ಅದಕ್ಕೆಂದೇ ಆ ಕೆರೆಯುವಿಕೆಗೆ ಒಂದೆರಡು ಮಿಲಿಮೀಟರಿನ ಮಿತಿ ಹಾಕಿಕೊಂಡು, ಮುಂಬದಿಗೆ ವಾಲಿಸಿ ಕೆರೆಯುತ್ತೇವೆ, ಕವಲಿನ ಕಡೆಗೆ ಹೋಗುವುದಿಲ್ಲ.

ಶಿಲಾಯುಗ
ಈ ಮೂರನೆಯ ಬೇರಿನ ಹಿಂದೆ ಒಂದು ಪುರಾತನ ಕಥೆಯೂ ಇದೆ. ಚೀನಾದ ಗಾನ್ಸು ಪ್ರಾಂತ್ಯದ ಶಿಯಾಹೆ ಎಂಬಲ್ಲಿ, ಟಿಬೆಟ್ ಪ್ರಸ್ಥಭೂಮಿಯ ಗುಹೆಯೊಂದರಲ್ಲಿ, 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ಕೆಳದವಡೆಯ ಅರ್ಧಭಾಗ ಸಿಕ್ಕಿತ್ತು. ಅದು ಕನಿಷ್ಠ 1,60,000 ವರ್ಷ ಹಳೆಯದೆಂದೂ ಡೆನಿಸೋವನ್ ಎಂಬ ಅಳಿದುಹೋದ ಪ್ರಾಚೀನ ಮಾನವ ಗುಂಪಿನದೆಂದೂ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಅದರ ಎರಡನೆಯ ದವಡೆಹಲ್ಲಿಗೆ ಮೂರು ಬೇರುಗಳಿವೆ. ಏಷ್ಯಾದವರಲ್ಲಿ ಈ ಲಕ್ಷಣ ಹೆಚ್ಚಾಗಿರುವುದು ಆ ಪೂರ್ವಜರಿಂದ ಬಂದ ಬಳುವಳಿ ಎಂಬ ವಾದ ಅದೇ ವರ್ಷ ಬಂತು.

ಟಂಕಸಾಲೆ
ಮರುವರ್ಷವೇ ಅದಕ್ಕೆ ಆಕ್ಷೇಪವೂ ಬಂತಲ್ಲ? ಆ ಪಳೆಯುಳಿಕೆಯ ಹೆಚ್ಚುವರಿ ಬೇರು ಇಂದಿನ ಏಷ್ಯನ್ನರ ಮೊದಲ ದವಡೆಹಲ್ಲಿನಲ್ಲಿ ಕಾಣುವ ಬೇರಿನಂಥದ್ದೇ ಅಲ್ಲ ಎಂದು ಬೇರೊಂದು ತಂಡ ಬರೆಯಿತು. ಒಂದು ದವಡೆಯನ್ನು ಹಿಡಿದು ಇಡೀ ಖಂಡದ ವಂಶಾವಳಿ ಬರೆಯುವುದಕ್ಕೆ ನನಗೂ ಧೈರ್ಯ ಸಾಲದು.

ಸಿಂಗಪುರದ_ಕನ್ನಡತಿ
ಎಲ್ಲರೂ ಮೊದಲ ದವಡೆಹಲ್ಲಿನಲ್ಲೇ ನಿಂತಿದ್ದೀರಿ, ನಿಜವಾದ ತಲೆನೋವು ಎರಡನೆಯದು. ನಾನಿಲ್ಲಿ ದಂತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನೆ, ನಮ್ಮಲ್ಲಿಗೆ ಬರುವವರಲ್ಲಿ ಚೀನೀ ಮೂಲದವರೇ ಹೆಚ್ಚು. ಅವರ ಕೆಳಗಿನ ಎರಡನೆಯ ದವಡೆಹಲ್ಲನ್ನು ತೆರೆದರೆ ಎಷ್ಟೋ ಸಲ ಬಿಡಿಬಿಡಿಯಾದ ಬಾಯಿಗಳೇ ಕಾಣುವುದಿಲ್ಲ. ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ ಬಾಗಿದ ಒಂದೇ ಸೀಳು ಮುಂದಿನ ಮೂಲೆಯಿಂದ ಕೆನ್ನೆಯ ಬದಿಯನ್ನು ಬಳಸಿ ಹಿಂದಿನವರೆಗೆ ಹೋಗಿರುತ್ತದೆ. ಬೇರು ರೂಪುಗೊಳ್ಳುವಾಗ ಅದಕ್ಕೆ ಆಕಾರ ಕೊಡುವ ಹರ್ಟ್‌ವಿಗ್ ಪೊರೆ ಎಂಬುದು ಒಂದು ಬದಿಯಲ್ಲಿ ಕೂಡಿಕೊಳ್ಳದೆ ಉಳಿದರೆ, ಎರಡು ಬೇರುಗಳು ಬೇರ್ಪಡದೆ ಹೀಗಾಗುತ್ತದೆ. ಇನ್ನೊಂದು ಬದಿಯಲ್ಲಿ, ಹೆಚ್ಚಾಗಿ ನಾಲಿಗೆಯ ಕಡೆಗೆ, ಬೇರಿನ ಹೊರಮೈಯಲ್ಲಿ ಉದ್ದಕ್ಕೂ ತೋಡು ಇರುತ್ತದೆ, ಅಲ್ಲಿ ಗೋಡೆ ಕಾಗದದಷ್ಟು ತೆಳ್ಳಗಿರಬಹುದು. ಕುಕ್ ಮತ್ತು ಕಾಕ್ಸ್ 1979ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಕೊರಿಯಾದ ಅಧ್ಯಯನವೊಂದರಲ್ಲಿ ಇದು ಶೇ. 44.5ರಷ್ಟು ಇತ್ತು.

ಹಲ್ಲುಕಟ್ಟು
ಮೇಡಂ, ಭಾರತದಲ್ಲಿ ಇದರ ಪ್ರಮಾಣ ಎಷ್ಟು?

ಸಿಂಗಪುರದ_ಕನ್ನಡತಿ
2010ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಶೇ. 7.5. ಊರಿನಲ್ಲಿ ಕಲಿತು ಇಲ್ಲಿಗೆ ಬಂದ ವೈದ್ಯರಿಗೆ ಮೊದಮೊದಲು ಇದು ಗಾಬರಿ ಹುಟ್ಟಿಸುವುದು ಅದಕ್ಕೇ. ಮೇಲೆ ಸಿ ಆಕಾರ ಕಂಡರೂ ಕೆಳಗೆ ಹೋಗುತ್ತ ಅದು ಎರಡೋ ಮೂರೋ ನಾಳಗಳಾಗಿ ಒಡೆಯಬಹುದು, ಮತ್ತೆ ಕೂಡಬಹುದು. ಬಾಯಿ ನೋಡಿ ತುದಿಯನ್ನು ಊಹಿಸಲಾಗದು.

ಕರಿಕೋಟು
ವಕೀಲನಾಗಿ ಮೂಲ ಪ್ರಶ್ನೆಯ ಒಂದು ತುಂಡಿಗೆ ಉತ್ತರಿಸುತ್ತೇನೆ. ಸುಪ್ರೀಂ ಕೋರ್ಟು 1995ರ ವಿ. ಪಿ. ಶಾಂತಾ ಪ್ರಕರಣದಲ್ಲಿ, ಶುಲ್ಕ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದಿತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಫಲಿತಾಂಶ ಚೆನ್ನಾಗಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ವೈದ್ಯರನ್ನು ನಿರ್ಲಕ್ಷ್ಯದ ಹೊಣೆಗಾರರನ್ನಾಗಿ ಮಾಡಲಾಗದು, ಆ ವೃತ್ತಿಯ ಸಾಮಾನ್ಯ ಪರಿಣತಿಯ ಮಟ್ಟದಿಂದ ಅಳೆಯಬೇಕು ಎಂದಿತು. ನಾಳ ಉಳಿದುಹೋದದ್ದಷ್ಟೇ ನಿರ್ಲಕ್ಷ್ಯವಾಗುವುದಿಲ್ಲ. ಅದನ್ನು ಹುಡುಕಲು ವಾಡಿಕೆಯ ಪ್ರಯತ್ನವಾದರೂ ನಡೆದಿತ್ತೇ ಎಂಬುದು ಪ್ರಶ್ನೆಯಾಗುತ್ತದೆ. ಜಗಳಕ್ಕೆ ಇಳಿಯದೆ ಹಳೆಯ ಎಕ್ಸ್‌ರೇಗಳ ಪ್ರತಿಗಳನ್ನು ಕೇಳಿ ಪಡೆಯಿರಿ, ಮುಂದೆ ಚಿಕಿತ್ಸೆ ಮಾಡುವವರಿಗೂ ಅವು ಬೇಕು.

ಕೊನೆಯ_ಬೆಂಚು
ನಾಳ ಉಳಿದುಹೋದರೂ ನೋವಿಲ್ಲದೆ ಇರುವವರು ಇದ್ದಾರಲ್ಲವೇ? ಹಾಗಿದ್ದರೆ ಇಷ್ಟೊಂದು ಗದ್ದಲವೇಕೆ?

ದಂತಕಥೆ
ಇದ್ದಾರೆ. 2016ರಲ್ಲಿ ಕರಾಬುಜಾಕ್ ಮತ್ತು ಸಂಗಡಿಗರು ರೂಟ್ ಕೆನಾಲ್ ಆದ ಹಲ್ಲುಗಳ ಸಿಬಿಸಿಟಿಗಳನ್ನು ನೋಡಿದಾಗ, ಸುಮಾರು ಶೇ. 23ರಷ್ಟರಲ್ಲಿ ಯಾವುದಾದರೊಂದು ನಾಳ ಉಳಿದಿತ್ತು. ಹಾಗೆ ಉಳಿದ ಹಲ್ಲುಗಳ ಪೈಕಿ ಶೇ. 82ಕ್ಕೂ ಹೆಚ್ಚಿನವುಗಳ ಬೇರಿನ ತುದಿಯಲ್ಲಿ ಸೋಂಕಿನ ಗುರುತಿತ್ತು. ಉಳಿದವರು ಸುಖವಾಗಿದ್ದರು ಎಂಬುದನ್ನು ನಂಬಿ ಕೂರುವ ಲೆಕ್ಕ ಇದಲ್ಲ.

ಶರಾವತಿ_ತೀರ
ಎಲ್ಲರಿಗೂ ಧನ್ಯವಾದಗಳು. ಗುಳ್ಳೆಯೊಳಗೆ ಕಡ್ಡಿ ಇಟ್ಟು ಎಕ್ಸ್‌ರೇ ತೆಗೆಸಿದೆ, ಅದು ಹಿಂದಿನ ಬೇರಿನ ಕಡೆಗೇ ಹೋಯಿತು. ಅದನ್ನು ನೋಡಿದ ಮೇಲೆ ಸಣ್ಣ ಸಿಬಿಸಿಟಿಯನ್ನೂ ಮಾಡಿಸಿದೆ. ಡಿಸ್ಟಲ್ ಬೇರಿನೊಳಗಿನ ಎರಡನೆಯ ನಾಳವಲ್ಲ, ನಾಲಿಗೆಯ ಕಡೆಗೆ ಬೇರೆಯದೇ ಆದ ಸಣ್ಣ ಬೇರಿದೆ, ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಕೆನ್ನೆಯ ಕಡೆಗೆ ಬಾಗಿದೆ, ಅದರ ತುದಿಯಲ್ಲಿ ಕಪ್ಪು ನೆರಳಿದೆ ಎಂದು ವರದಿಯಲ್ಲಿ ಬರೆದಿದ್ದಾರೆ. ಈಗ ಕ್ಯಾಪ್ ಒಡೆಯಲೇಬೇಕೇ, ಅದರಲ್ಲೇ ತೂತು ಮಾಡಿ ಕೆಲಸ ಮುಗಿಸಬಹುದೇ?

ತಾಲ್ಲೂಕು_ದಂತವೈದ್ಯ
ತೂತು ಮಾಡಿಯೂ ಮಾಡುತ್ತಾರೆ. ನಾನಾದರೆ ಒಡೆಸಿ ಎನ್ನುತ್ತೇನೆ. ಕ್ಯಾಪ್ ಇದ್ದಾಗ ಹಲ್ಲಿನ ನಿಜವಾದ ಓರೆ ತಿಳಿಯುವುದಿಲ್ಲ, ಬೆಳಕು ಒಳಗೆ ಹೋಗುವುದಿಲ್ಲ, ಕೆಳಗೆ ಹುಳುಕು ಸೇರಿದ್ದರೂ ಕಾಣುವುದಿಲ್ಲ. ಸ್ಕ್ಯಾನು ಕಂಡದ್ದನ್ನು ಕೈ ಹೋಗಿ ತಲುಪಬೇಕಲ್ಲ.

ದಂತಕಥೆ
ನನ್ನ ಅಭಿಪ್ರಾಯವೂ ಅದೇ. ಆ ನಾಳದ ಬಾಯಿ ಮುಖ್ಯ ಡಿಸ್ಟಲ್ ನಾಳದಿಂದ ನಾಲಿಗೆಯ ಕಡೆಗೆ, ಸ್ವಲ್ಪ ಮುಂದಕ್ಕೆ ಸರಿದು ಇರುವ ಸಾಧ್ಯತೆ ಹೆಚ್ಚು, ಮೇಲೆ ಡೆಂಟಿನ್ನಿನ ತುಟಿಯೊಂದು ಅದನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ತೆಗೆದು, 8 ಅಥವಾ 10ನೇ ಅಳತೆಯ ಕೈ ಫೈಲನ್ನು ಮೊದಲೇ ಬಾಗಿಸಿ ಇಳಿಸಿ ದಾರಿ ಮಾಡಿಕೊಂಡ ಮೇಲೆಯೇ ಯಂತ್ರದ ಫೈಲ್ ಹಾಕಬೇಕು. ಮಾಡುವವರಿಗೆ ಸ್ಕ್ಯಾನಿನ ಸಿಡಿಯನ್ನೇ ಕೊಡಿ, ಮುದ್ರಿಸಿದ ಹಾಳೆ ಸಾಲದು.

ಇನ್ನೊಂದು ವಿಷಯ. ಈ ಬೇರು ಒಂದು ಬದಿಯಲ್ಲಿದ್ದವರಲ್ಲಿ ಹಲವರಿಗೆ ಇನ್ನೊಂದು ಬದಿಯಲ್ಲೂ ಇರುತ್ತದೆ. ನಿಮ್ಮ ಎಡಗಡೆಯ 36ನೇ ಹಲ್ಲು ಹೇಗಿದೆ?

ಶರಾವತಿ_ತೀರ
ಅದಕ್ಕೆ ದೊಡ್ಡ ಫಿಲ್ಲಿಂಗ್ ಇದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ.

ತಾಲ್ಲೂಕು_ದಂತವೈದ್ಯ
ಹಾಗಾದರೆ ಅದಕ್ಕೂ ಈಗಲೇ ಒಂದು ಓರೆ ಎಕ್ಸ್‌ರೇ ತೆಗೆಸಿಡಿ. ಮುಂದೊಂದು ದಿನ ಅದನ್ನು ತೆರೆಯಬೇಕಾಗಿ ಬಂದರೆ, ತೆರೆಯುವವರು ಯಾರೇ ಆಗಿರಲಿ, ಕೊರೆಯುವುದಕ್ಕೆ ಮೊದಲೇ ಆ ಚಿತ್ರವನ್ನೂ ಈ ವರದಿಯನ್ನೂ ಅವರ ಮುಂದಿಡಿ.